ಕಡಲ ಬಂಡೆಗಳ ಚಿತ್ರಕಾರ: ವಿಲಿಯಂ ಡೇನಿಯಲ್ ಕಂಡ ಎರಡು ನಾಡು

ಗದುಗಿನ ಸುತ್ತಲಿನ ಯಾವುದೇ ಶಾಲೆಗೆ ಹೋಗಿ ಮಕ್ಕಳಿಗೆ 'ಒಂದು ನಿಸರ್ಗದ ದೃಶ್ಯ ತೆಗೆಯಿರಿ' ಎಂದು ಹೇಳಿ ನೋಡಿ. ನೂರಕ್ಕೆ ತೊಂಬತ್ತು ಮಕ್ಕಳು ಒಂದೇ ಚಿತ್ರವನ್ನು ತೆಗೆಯುತ್ತಾರೆ. ಹಿಂದೆ ಎರಡು ಮುಕ್ಕೋನದ ಗುಡ್ಡ, ನಡುವೆ ಅರ್ಧ ಹುಟ್ಟಿದ ಸೂರ್ಯ, ಕೆಳಗೆ ನೀರು, ನೀರಿನಲ್ಲಿ ಹಾಯಿ ಕಟ್ಟಿದ ಒಂದು ದೋಣಿ, ಬಲಗಡೆ ಬಾಗಿದ ತೆಂಗಿನ ಮರ. ನಾನು ಹಿರೇಹಂದಿಗೋಳದವನು. ಈ ಚಿತ್ರವನ್ನು ನಾನೂ ಹತ್ತಾರು ಸಲ ತೆಗೆದಿದ್ದೇನೆ. ಆಗ ನಾನು ಸಮುದ್ರವನ್ನು ಕಂಡಿರಲಿಲ್ಲ. ಹಾಯಿದೋಣಿಯನ್ನಂತೂ ಕನಸಿನಲ್ಲಿಯೂ ಕಂಡಿರಲಿಲ್ಲ. ನಮ್ಮೂರಿನ ಸುತ್ತ ಇರುವುದು ಎರೆಹೊಲ, ಹಿಂಗಾರಿನ ಜೋಳ, ಕಡಲೆ, ಹತ್ತಿ. ದಕ್ಷಿಣಕ್ಕೆ ಕಪ್ಪತಗುಡ್ಡದ ಉದ್ದನೆಯ ಸಾಲು. ಆ ಸಾಲಿನಲ್ಲಿ ಒಂದೂ ಮುಕ್ಕೋನವಿಲ್ಲ. ಇಲ್ಲಿಂದ ಕಾರವಾರದ ಕಡಲಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಾಗಿದ್ದರೂ ಕಪ್ಪತಗುಡ್ಡವನ್ನು ಬಿಟ್ಟು ಕಾಣದ ಕಡಲನ್ನು ನಮ್ಮ ಕೈ ಏಕೆ ತೆಗೆಯಿತು?

ಈ ಪ್ರಶ್ನೆ ಮಕ್ಕಳಾಟದ್ದೆಂದು ತಳ್ಳಿಹಾಕಬೇಡಿ. ನಿಸರ್ಗವನ್ನು ಹೇಗೆ ನೋಡಬೇಕು, ಅದರಲ್ಲಿ ಯಾವುದು 'ಚಿತ್ರಕ್ಕೆ ತಕ್ಕದ್ದು' ಎಂಬ ತೀರ್ಮಾನಕ್ಕೂ ಒಂದು ಇತಿಹಾಸವಿದೆ. ಅದರ ಒಂದು ಎಳೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಿಂದ ಹೊರಟು, ಟಿಪ್ಪುವಿನ ಕಾಲದ ಮೈಸೂರು ಸೀಮೆಯ ಕಲ್ಲುಗುಡ್ಡಗಳನ್ನು ಹಾದು, ಮರಳಿ ಬ್ರಿಟನ್ನಿನ ಕಡಲತೀರದ ಬಂಡೆಗಳಿಗೆ ಮುಟ್ಟುತ್ತದೆ. ಈ ಎಳೆಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದವನು ವಿಲಿಯಂ ಡೇನಿಯಲ್ ಎಂಬ ಚಿತ್ರಕಾರ. ಅವನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಅಪರೂಪ. ಆದರೆ ಅವನ ಚಿತ್ರಗಳ ಅಚ್ಚುಗಳನ್ನು ನೀವು ಎಲ್ಲಿಯೋ ಒಂದು ಕಡೆ, ಒಂದು ಕ್ಯಾಲೆಂಡರಿನಲ್ಲಿಯೋ ಹಳೆಯ ಕಚೇರಿಯ ಗೋಡೆಯ ಮೇಲೆಯೋ, ನೋಡಿಯೇ ಇರುತ್ತೀರಿ.

ಮೊದಲು ಆ ಕಾಲದ ಹಿನ್ನೆಲೆಯನ್ನು ತಿಳಿದುಕೊಳ್ಳೋಣ. ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಸಂಕಲನದ ಮೂಲಕ ಕನ್ನಡಕ್ಕೆ ಬಂದ ಇಂಗ್ಲಿಷ್ ಕವಿಗಳಲ್ಲಿ ಹಲವರು ರಮ್ಯ ಪಂಥದವರು ಎಂಬುದನ್ನು ಕಾಲೇಜು ವಿದ್ಯಾರ್ಥಿಗಳಾದ ನೀವು ಬಲ್ಲಿರಿ. ಕಾವ್ಯದಲ್ಲಿ ನಡೆದದ್ದೇ ಚಿತ್ರಕಲೆಯಲ್ಲಿಯೂ ನಡೆಯಿತು. ಅದುವರೆಗೆ ಯುರೋಪಿನ ಹಲವು ಚಿತ್ರಕಾರರಿಗೆ ಗುಡ್ಡ, ಮರ, ನೀರು ಎಂದರೆ ದೇವದೂತರ ಅಥವಾ ರಾಜರ ಹಿಂದೆ ಕಟ್ಟುವ ಪರದೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಆ ಪರದೆಯೇ ನಾಟಕವಾಯಿತು. ಎಡ್ಮಂಡ್ ಬರ್ಕ್ 1757ರಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ ಚೆಲುವು ಬೇರೆ, ಭವ್ಯತೆ ಬೇರೆ ಎಂದು ವಾದಿಸಿದನು. ನುಣುಪಾದದ್ದು, ಚಿಕ್ಕದು, ಹಿತವಾದದ್ದು ಚೆಲುವು. ಅಗಾಧವಾದದ್ದು, ಕತ್ತಲೆಯದು, ಒಂದಿಷ್ಟು ಹೆದರಿಕೆ ಹುಟ್ಟಿಸುವಂಥದು ಭವ್ಯ. ನಮ್ಮ ಅಲಂಕಾರಿಕರನ್ನು ಕೇಳಿದ್ದರೆ ಅದನ್ನು ಅದ್ಭುತ ಮತ್ತು ಭಯಾನಕ ರಸಗಳ ನಡುವೆ ಎಲ್ಲಿಯೋ ಕೂಡಿಸುತ್ತಿದ್ದರು. ಸಮುದ್ರಕ್ಕೆ ಎದೆಯೊಡ್ಡಿ ನಿಂತ ಕಡಿದಾದ ಬಂಡೆಗಿಂತ ಇದಕ್ಕೆ ಒಳ್ಳೆಯ ಉದಾಹರಣೆ ಯಾವುದಿದ್ದೀತು? ಇದೇ ಕಾಲದಲ್ಲಿ ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ, ನಿಸರ್ಗವನ್ನು ಚಿತ್ರದಂತೆ ನೋಡುವ ಬಗೆಯನ್ನು ಪ್ರವಾಸಿಗಳಿಗೆ ಪಾಠ ಹೇಳಿದಂತೆ ಬರೆದನು. ಮುಂದೆ ಒಂದು ಬದಿಗೆ ಮರ ಅಥವಾ ಬಂಡೆ, ನಡುವೆ ನೀರು ಅಥವಾ ಬಯಲು, ಹಿಂದೆ ಮಸುಕಾದ ಗುಡ್ಡ, ಅಲ್ಲಲ್ಲಿ ಇರುವೆಯಷ್ಟು ಮನುಷ್ಯರು. ನಮ್ಮ ಶಾಲೆಯ ಚಿತ್ರ ನೆನಪಾಯಿತೇ? ಮುಂದೆ ಈ ದೇಶದಲ್ಲಿ ಚಿತ್ರಕಲೆಯ ಶಾಲೆಗಳೂ ಡ್ರಾಯಿಂಗ್ ಪರೀಕ್ಷೆಗಳೂ ಬಂದಾಗ ಇಂಥ ಜೋಡಣೆಯೇ ಸವೆದು ಸವೆದು ನಮ್ಮ ತೆಂಗಿನಮರ ಮತ್ತು ದೋಣಿಯಾಗಿ ಉಳಿಯಿತೆಂದು ನನ್ನ ಊಹೆ. ಊಹೆ ಎಂದೇ ಅದನ್ನು ಇಟ್ಟುಕೊಳ್ಳಿ.

ವಿಲಿಯಂ ಹುಟ್ಟಿದ್ದು 1769ರಲ್ಲಿ. ಅವನಿಗೆ ಹತ್ತು ವರ್ಷವಾದಾಗ ತಂದೆ ತೀರಿಕೊಂಡನು. ಹುಡುಗನನ್ನು ಸಾಕಿದವನು ಚಿಕ್ಕಪ್ಪ ಥಾಮಸ್ ಡೇನಿಯಲ್. ಥಾಮಸ್ ಹುಟ್ಟಿದ್ದು 1749ರಲ್ಲಿ. ಅವನದು ಹಣವಂತರ ಮನೆಯಲ್ಲ. ಶ್ರೀಮಂತರ ಕುದುರೆಗಾಡಿಗಳ ಬಾಗಿಲಿಗೆ ಲಾಂಛನ ಬಿಡಿಸುವ ಕೆಲಸದಿಂದ ಮೇಲೆ ಬಂದವನು. ಲಂಡನ್ನಿನಲ್ಲಿ ಚಿತ್ರಕಾರರು ತುಂಬಿಹೋಗಿದ್ದರು, ಹೊಟ್ಟೆ ಹೊರೆಯುವುದು ಕಷ್ಟವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆ ಪಡೆದು 1785ರ ಏಪ್ರಿಲ್‌ನಲ್ಲಿ ಇಬ್ಬರೂ ಹಡಗು ಹತ್ತಿದರು. ಚೀನಾ ಮಾರ್ಗವಾಗಿ 1786ರಲ್ಲಿ ಕಲ್ಕತ್ತ ಸೇರಿದರು. ಊರು ಬಿಟ್ಟಾಗ ವಿಲಿಯಂನ ವಯಸ್ಸು ಹದಿನಾರರ ಆಸುಪಾಸು. ಅಂದರೆ ನಿಮ್ಮಲ್ಲಿ ಹಲವರ ವಯಸ್ಸು.

ಕಲ್ಕತ್ತದಲ್ಲಿ ಅವರು ನಗರದ ಹನ್ನೆರಡು ನೋಟಗಳನ್ನು ಅಚ್ಚು ಹಾಕಿ ಮಾರಿದರು. ಬಂದ ಹಣದಿಂದ 1788ರಲ್ಲಿ ಗಂಗೆಯ ಗುಂಟ ಹೊರಟು ಗಢವಾಲದ ಶ್ರೀನಗರದವರೆಗೂ ಹೋಗಿಬಂದರು. ಮರಳಿದ ಮೇಲೆ ತಮ್ಮ ಚಿತ್ರಗಳನ್ನು ಲಾಟರಿ ಇಟ್ಟು ಮಾರಿ ದಕ್ಷಿಣದ ಪ್ರವಾಸಕ್ಕೆ ಹಣ ಹೊಂದಿಸಿದರು. 1792ರ ಮಾರ್ಚ್ ಕೊನೆಗೆ ಮದ್ರಾಸಿನಲ್ಲಿ ಇಳಿದರು.

ಆ ತಿಂಗಳನ್ನು ಇತಿಹಾಸದ ವಿದ್ಯಾರ್ಥಿಗಳು ಗುರುತಿಸಿಕೊಳ್ಳಬೇಕು. 1792ರ ಮಾರ್ಚ್ 18ರಂದು ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಸುಲ್ತಾನನು ತನ್ನ ರಾಜ್ಯದ ಅರ್ಧವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. ಒಪ್ಪಂದದ ಶಾಯಿ ಒಣಗಿ ಒಂದು ತಿಂಗಳಾಗುವಷ್ಟರಲ್ಲಿ ಈ ಇಬ್ಬರು ಚಿತ್ರಕಾರರು ಮೇನೆ, ಗುಡಾರ, ಎತ್ತುಗಳನ್ನು ಕಟ್ಟಿಕೊಂಡು, ಕಾರ್ನ್‌ವಾಲೀಸನ ಸೈನ್ಯ ತುಳಿದ ದಾರಿಯಲ್ಲಿಯೇ ಮೇಲಕ್ಕೆ ಬಂದರು. ಕೃಷ್ಣಗಿರಿ, ರಾಯಕೋಟೆ, ಹೊಸೂರು, ಬೆಂಗಳೂರು. ಇಂದು ಹೊಸೂರು ತಮಿಳುನಾಡಿನಲ್ಲಿದೆ. ಅಲ್ಲಿ ಇಂದಿಗೂ ಕನ್ನಡ ಮಾತಾಡುವ ಮನೆಗಳಿವೆ. ಆಗ ಅದು ಮೈಸೂರಿನ ಗಡಿಕೋಟೆ.

ಈ ಸೀಮೆಯ ಗುಡ್ಡಗಳನ್ನು ನೀವು ಬಸ್ಸಿನಿಂದಲಾದರೂ ನೋಡಿರಬಹುದು. ಬಯಲಿನಿಂದ ಒಮ್ಮೆಲೇ ಎದ್ದುನಿಂತ ಬೋಳು ಕಲ್ಲುಗಳು. ನೆತ್ತಿಯ ಮೇಲೆ ಕೋಟೆಗೋಡೆ. ಇಪ್ಪತ್ತಮೂರು ವರ್ಷದ ವಿಲಿಯಂ ಬಂಡೆಯನ್ನು ನೋಡಲು ಕಲಿತದ್ದರಲ್ಲಿ ಈ ಸೀಮೆಯ ಪಾಲು ದೊಡ್ಡದೆಂದು ನನಗೆ ಅನ್ನಿಸುತ್ತದೆ. ರಾಯಕೋಟೆ, ವೀರಭದ್ರದುರ್ಗ, ಹೊಸೂರುಗಳ ನೋಟಗಳು ಮುಂದೆ ಅವರ ಗ್ರಂಥದಲ್ಲಿ ಅಚ್ಚಾದವು. ಅವರು ಕೇವಲ ಕಣ್ಣಳತೆಯಿಂದ ಬರೆಯುತ್ತಿರಲಿಲ್ಲ. 'ಕ್ಯಾಮೆರಾ ಅಬ್ಸ್‌ಕ್ಯೂರಾ' ಎಂಬ ಕತ್ತಲಪೆಟ್ಟಿಗೆ ಅವರ ಜೊತೆಗಿತ್ತು. ಒಂದು ಮಸೂರದ ಮೂಲಕ ಹೊರಗಿನ ಬೆಳಕು ಪೆಟ್ಟಿಗೆಯ ಒಳಗೆ ಬಂದು ಕಾಗದದ ಮೇಲೆ ಗುಡ್ಡದ ಬಿಂಬವನ್ನು ಮೂಡಿಸುತ್ತದೆ. ಅದರ ಅಂಚನ್ನು ಪೆನ್ಸಿಲಿನಿಂದ ತಿದ್ದಿಕೊಂಡರೆ ಆಕಾರ ತಪ್ಪುವುದಿಲ್ಲ. ಫೋಟೋಗ್ರಫಿ ಇನ್ನೂ ಹುಟ್ಟಿರದ ಕಾಲ ಅದು. ಈ ಉಪಕರಣದ ದೆಸೆಯಿಂದಲೇ ಅವರ ಚಿತ್ರಗಳು ಇಂದಿಗೂ ದಾಖಲೆಯ ಬೆಲೆ ಉಳಿಸಿಕೊಂಡಿವೆ.

ಆದರೆ ದಾಖಲೆ ಎಂದೊಡನೆ ನಾವು ಒಂದು ಮಾತನ್ನು ಕೇಳಲೇಬೇಕು. ಆ ಪೆಟ್ಟಿಗೆ ಯಾವ ಕಡೆಗೆ ಮುಖ ಮಾಡಿತ್ತು? ಯುದ್ಧ ಆಗತಾನೇ ಮುಗಿದ ನೆಲ ಅದು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನೂ ಡಿಸೆಂಬರ್‌ನಲ್ಲಿ ಸಾವನದುರ್ಗವನ್ನೂ ಕಂಪನಿಯ ಸೈನ್ಯ ಹಿಡಿದಿತ್ತು. ಸೈನ್ಯದ ಜೊತೆಗೇ ಇದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು 1794ರಲ್ಲಿ ಮೈಸೂರಿನ ಆಯ್ದ ನೋಟಗಳ ಪುಸ್ತಕವನ್ನು ಹೊರತಂದನು. ಅದನ್ನು ಕೊಳ್ಳುವವರಿಗೆ ಗೆದ್ದ ಕೋಟೆಗಳ ಚಿತ್ರ ಬೇಕಾಗಿತ್ತು. ಡೇನಿಯಲ್ಲರ ಗಿರಾಕಿಗಳೂ ಬಹುಮಟ್ಟಿಗೆ ಅಂಥವರೇ. ಅವರ ಚಿತ್ರದಲ್ಲಿ ಗುಡ್ಡ ಶಾಂತವಾಗಿದೆ, ಮರದ ಕೆಳಗೆ ದಾರಿಹೋಕರು ಕುಳಿತಿದ್ದಾರೆ, ಆಕಾಶದಲ್ಲಿ ಹಿತವಾದ ಮೋಡವಿದೆ. ಆ ದಾರಿಹೋಕರು ಯಾರ ಸೈನ್ಯಕ್ಕೆ ಧಾನ್ಯ ಒಪ್ಪಿಸಿ ಬಂದವರು ಎಂಬುದು ಚಿತ್ರದಿಂದ ತಿಳಿಯುವುದಿಲ್ಲ. ಅವರ ಮೇನೆಯನ್ನು ಹೊತ್ತ ಬೋಯಿಗಳ ಹೆಸರುಗಳೂ ತಿಳಿಯುವುದಿಲ್ಲ.

ನಮ್ಮ ಕಡೆಯ ಕಥೆ ಇನ್ನೂ ಕಠಿಣವಾದದ್ದು. ಇದೇ ಯುದ್ಧದ ಇನ್ನೊಂದು ಮುಖವಾಗಿ 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಧಾರವಾಡದ ಕೋಟೆಗೆ ಮರಾಠರ ಮುತ್ತಿಗೆ ನಡೆದಿತ್ತು. ಅದರ ಬೆನ್ನಿಗೇ 1791-92ರ ಭೀಕರ ಬರ ಬಂತು. ದಾಖಲೆಗಳಲ್ಲಿ ಅದಕ್ಕೆ 'ಡೋಜಿ ಬರ' ಎಂಬ ಹೆಸರು. ತಲೆಬುರುಡೆಗಳ ಬರ ಎಂದು ಅರ್ಥ. ಸತ್ತವರನ್ನು ಮಣ್ಣು ಮಾಡಲೂ ಜನರಿಲ್ಲದೆ ಎಲುಬುಗಳು ಬಯಲಿನಲ್ಲಿ ಬೆಳ್ಳಗೆ ಬಿದ್ದಿದ್ದವೆಂಬ ನೆನಪು ಆ ಹೆಸರಿನಲ್ಲಿ ಉಳಿದಿದೆ. ಹೈದರಾಬಾದಿನ ಸೀಮೆ, ದಕ್ಷಿಣ ಮರಾಠಾ ಸೀಮೆಗಳನ್ನು ಅದು ಸುಟ್ಟುಹಾಕಿತು. ನಮ್ಮ ಧಾರವಾಡ ಪ್ರಾಂತವೂ ಅದರಲ್ಲಿ ಸೇರಿತ್ತು. ಡೇನಿಯಲ್ಲರು ಹೊಸೂರಿನ ಗುಡ್ಡಕ್ಕೆ ಎದುರಾಗಿ ಕುಳಿತ 1792ರ ಬೇಸಿಗೆಯಲ್ಲಿ ತುಂಗಭದ್ರೆಯ ಈಚೆಗಿನ ನಾಡಿನ ಸ್ಥಿತಿ ಇದು. ಈ ಕಡೆಗೆ ಯಾವ ಚಿತ್ರಕಾರನೂ ಬರಲಿಲ್ಲ. ಗದಗ, ಲಕ್ಕುಂಡಿ, ಡಂಬಳಗಳ ಗುಡಿಗಳು ಬಿಂಬವಾಗಿ ಕಾಗದದ ಮೇಲೆ ಮೂಡಿ ಹೊರಜಗತ್ತಿಗೆ ಪರಿಚಯವಾಗಲು ಮತ್ತೆ ಅರವತ್ತು ವರ್ಷಗಳು ಬೇಕಾದವು. 1855ರ ನಂತರ ಬಿಗ್ಸ್, ಪಿಗೂ, ನೀಲ್ ಎಂಬ ಮೂವರು ಕ್ಯಾಮೆರಾ ಹೊತ್ತು ತಂದರು. ಅವರ ಫೋಟೋಗಳ ಗ್ರಂಥ 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪದ ಹೆಸರಿನಲ್ಲಿ ಹೊರಬಂತು. ಅದರಲ್ಲಿಯೂ ಇರುವುದು ಗುಡಿಗಳು. ಕಪ್ಪತಗುಡ್ಡ 'ಚಿತ್ರಕ್ಕೆ ತಕ್ಕದ್ದು' ಎಂದು ಯಾರಿಗೂ ತೋಚಲಿಲ್ಲ.

ಬೆಂಗಳೂರಿನಿಂದ ಡೇನಿಯಲ್ಲರು ದಕ್ಷಿಣಕ್ಕೆ ಇಳಿದು ತಿರುಚಿನಾಪಳ್ಳಿ, ಮಧುರೆ, ಪಾಪನಾಶಂ ಜಲಪಾತ, ರಾಮೇಶ್ವರಗಳನ್ನು ಸುತ್ತಿದರು. ಒಂದು ಸ್ವಾರಸ್ಯದ ಸಂಗತಿಯಿದೆ. ಅವರ ಒಂದು ಪ್ರಸಿದ್ಧ ಚಿತ್ರಕ್ಕೆ 'ಕನ್ಯಾಕುಮಾರಿ ಭೂಶಿರ' ಎಂದು ಹೆಸರು. ಹೆಸರಿನ ಮುಂದೆಯೇ 'ಕಳಕ್ಕಾಡಿನ ಹತ್ತಿರದಿಂದ ತೆಗೆದದ್ದು' ಎಂದೂ ಸೇರಿಸಿದ್ದಾರೆ. ಕಳಕ್ಕಾಡು ಪಶ್ಚಿಮ ಘಟ್ಟದ ಬುಡದಲ್ಲಿರುವ ಊರು. ಭೂಶಿರ ಅಲ್ಲಿಂದ ಬಹುದೂರ. ಓದುಗರು ದೇಶದ ತುದಿಯನ್ನು ಬಯಸಿದರು, ಚಿತ್ರಕಾರ ಘಟ್ಟವನ್ನು ಕೊಟ್ಟನು. ಆದರೆ ಎಲ್ಲಿ ನಿಂತು ತೆಗೆದದ್ದೆಂಬುದನ್ನು ಮುಚ್ಚಿಡಲಿಲ್ಲ. ಈ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ.

1793ರಲ್ಲಿ ಅವರು ಮದ್ರಾಸಿನಿಂದ ಹಡಗಿನಲ್ಲಿ ಮುಂಬಯಿಗೆ ಹೋದರು. ಆ ದಾರಿ ನಮ್ಮ ಮಂಗಳೂರು, ಹೊನ್ನಾವರ, ಕಾರವಾರಗಳ ಮುಂದೆ ಹಾದುಹೋಗುವ ದಾರಿ. ಆದರೂ ಅವರ 'ಓರಿಯಂಟಲ್ ಸೀನರಿ' ಗ್ರಂಥದ 144 ಚಿತ್ರಗಳಲ್ಲಿ ಕನ್ನಡ ಕರಾವಳಿಯ ಒಂದು ನೋಟವೂ ಇಲ್ಲ. ಮುಂದೆ ಕಡಲ ಬಂಡೆಗಳಿಗೇ ಹೆಸರಾದ ಕೈ ಅದು. ಹಾಗಾಗಿ ಈ ಕೊರತೆ ಮನಸ್ಸಿಗೆ ಸ್ವಲ್ಪ ಚುಚ್ಚುತ್ತದೆ. ಕನ್ನಡಿಗರ ಪಾಲಿಗೆ ಬೇರೊಂದು ಬಗೆಯಲ್ಲಿ ಆ ಗ್ರಂಥ ತುಂಬಿಕೊಟ್ಟಿತೆನ್ನಿ. ಅದರ ಆರನೆಯ ಭಾಗ ಪೂರ್ತಿ ಎಲ್ಲೋರದ ಗುಹೆಗಳದು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರನು ಮಾಡಿಟ್ಟಿದ್ದ ರೇಖಾಚಿತ್ರಗಳನ್ನು, ಅವನು 1795ರಲ್ಲಿ ತೀರಿಕೊಂಡ ಬಳಿಕ, ಡೇನಿಯಲ್ಲರು ಅಚ್ಚಿಗೆ ತಂದರು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸನಾಥ ದೇವಾಲಯದ ಬೆರಗನ್ನು ಯುರೋಪಿನ ಬಹಳ ಜನ ಮೊದಲು ಕಂಡದ್ದು ಆ ಹಾಳೆಗಳಲ್ಲಿ.

ಅಚ್ಚು ಎಂದರೆ ಹೇಗೆ ಎಂದು ಕೇಳುತ್ತೀರಲ್ಲವೇ? ಅವರ ವಿಧಾನಕ್ಕೆ 'ಅಕ್ವಾಟಿಂಟ್' ಎಂದು ಹೆಸರು. ನುಣುಪಾದ ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ತೆಳ್ಳಗೆ ಉದುರಿಸಿ ಕಾಯಿಸುತ್ತಾರೆ. ಪುಡಿಯ ಕಣಗಳು ತಗಡಿಗೆ ಅಂಟಿಕೊಳ್ಳುತ್ತವೆ. ಆಮ್ಲದಲ್ಲಿ ಅದ್ದಿದರೆ ಕಣಗಳ ನಡುವಿನ ಸಂದುಗಳನ್ನು ಮಾತ್ರ ಆಮ್ಲ ತಿನ್ನುತ್ತದೆ. ತಗಡು ಸಣ್ಣ ಸಣ್ಣ ಕುಳಿಗಳಿಂದ ಉರುಟಾಗುತ್ತದೆ. ಬೆಳ್ಳಗೆ ಉಳಿಯಬೇಕಾದ ಆಕಾಶದ ಭಾಗಕ್ಕೆ ಮೊದಲೇ ವಾರ್ನಿಷ್ ಬಳಿಯುತ್ತಾರೆ. ನಸುಗಪ್ಪಿನ ಭಾಗಕ್ಕೆ ಸ್ವಲ್ಪ ಹೊತ್ತು ಕಳೆದು ಬಳಿಯುತ್ತಾರೆ. ಕಡುಗಪ್ಪಿನ ಬಂಡೆ ಮಾತ್ರ ಕೊನೆಯವರೆಗೂ ಆಮ್ಲದಲ್ಲಿ ನೆನೆಯುತ್ತದೆ. ಹೀಗೆ ಹೆಚ್ಚು ಹೊತ್ತು ತಿಂದ ಕಡೆ ಶಾಯಿ ಹೆಚ್ಚು ನಿಲ್ಲುತ್ತದೆ. ಕಾಗದಕ್ಕೆ ಒತ್ತಿದಾಗ ನೀರುಬಣ್ಣ ಬಳಿದಂತೆ ಛಾಯೆ ಬರುತ್ತದೆ. ಮೇಲೆ ಕೈಯಿಂದ ಬಣ್ಣ ಹಾಕುತ್ತಾರೆ. ಮಂಜು, ನೀರು, ಒದ್ದೆ ಕಲ್ಲುಗಳಿಗೆ ಇದಕ್ಕಿಂತ ಒಗ್ಗುವ ವಿಧಾನ ಬೇರೊಂದಿರಲಿಲ್ಲ. 1794ರಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೆ 1795ರಿಂದ 1808ರವರೆಗೆ ಹದಿಮೂರು ವರ್ಷ ಚಿಕ್ಕಪ್ಪನೂ ಮಗನೂ ಇದೇ ಕೆಲಸದಲ್ಲಿ ಮುಳುಗಿದ್ದರು. ವಿಲಿಯಂನ ಕೈ ಈ ವಿದ್ಯೆಯಲ್ಲಿ ಪಳಗಿತು.

ಇನ್ನು ಕಡಲಿಗೆ ಬರೋಣ.

1813ರ ಬೇಸಿಗೆ. ಯುರೋಪಿನಲ್ಲಿ ನೆಪೋಲಿಯನ್ ಯುದ್ಧಗಳು ನಡೆದೇ ಇದ್ದವು. ಇಟಲಿ, ಫ್ರಾನ್ಸುಗಳಿಗೆ ಹೋಗಲಾರದ ಇಂಗ್ಲಿಷರು ತಮ್ಮ ದ್ವೀಪವನ್ನೇ ನೋಡತೊಡಗಿದ್ದರು. ವಿಲಿಯಂ ಡೇನಿಯಲ್ ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ರಿಚರ್ಡ್ ಏಟನ್ ಎಂಬ ತರುಣ ಬರಹಗಾರನನ್ನು ಕರೆದುಕೊಂಡು, ಬ್ರಿಟನ್ನಿನ ನೈಋತ್ಯ ತುದಿಯಾದ ಲ್ಯಾಂಡ್ಸ್ ಎಂಡ್‌ನಿಂದ ಇಡೀ ದ್ವೀಪದ ಕರಾವಳಿಯನ್ನು ಸುತ್ತಲು ಹೊರಟನು. ಚಿತ್ರ ವಿಲಿಯಂನದು, ಬರಹ ಏಟನ್‌ನದು. ಕೆಲಸ ಮುಗಿಯಲು ಹನ್ನೆರಡು ವರ್ಷ ಹಿಡಿಯಿತು. 1814ರಿಂದ 1825ರವರೆಗೆ ಎಂಟು ಸಂಪುಟಗಳಲ್ಲಿ 308 ಚಿತ್ರಗಳು ಹೊರಬಂದವು.

ಒಂದೆರಡು ಚಿತ್ರಗಳನ್ನಾದರೂ ಬಿಡಿಸಿ ನೋಡೋಣ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸ್ಟಾಫಾ ಎಂಬ ಪುಟ್ಟ ದ್ವೀಪವಿದೆ. ಅದರ ಬಂಡೆ ಸಾಮಾನ್ಯ ಬಂಡೆಯಲ್ಲ. ಜ್ವಾಲಾಮುಖಿಯ ಲಾವಾ ತಣಿಯುವಾಗ ಕುಗ್ಗಿ ಬಿರಿದು, ಆರು ಮೂಲೆಯ ಕಂಬಗಳಾಗಿ ನಿಂತ ಬಸಾಲ್ಟ್ ಶಿಲೆ. ಆ ಕಂಬಗಳ ನಡುವೆ ಕಡಲು ಕೊರೆದ ಸುಮಾರು 70 ಮೀಟರು ಆಳದ ಫಿಂಗಲ್ ಗುಹೆಯಿದೆ. 1772ರಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ವಿಜ್ಞಾನಿ ಅದನ್ನು ಹೊರಜಗತ್ತಿಗೆ ತಿಳಿಸಿದ ಮೇಲೆ ಅದು ರಮ್ಯ ಪಂಥದವರ ಕ್ಷೇತ್ರವೇ ಆಗಿಹೋಯಿತು. 1829ರಲ್ಲಿ ಸಂಗೀತಗಾರ ಮೆಂಡೆಲ್ಸನ್ ಬಂದನು. ಟರ್ನರ್ ಬಿಡಿಸಿದ ಸ್ಟಾಫಾ ಚಿತ್ರ 1832ರಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ ಗುಹೆ ಕಾಣುವುದೇ ಕಷ್ಟ, ಇರುವುದೆಲ್ಲ ಮಳೆ, ಹೊಗೆ, ಮುಳುಗುವ ಸೂರ್ಯ. ವಿಲಿಯಂ ಡೇನಿಯಲ್ ಅವರಿಗಿಂತ ಮೊದಲೇ ಹೋಗಿ ಗುಹೆಯ ಹೊರಗೂ ಒಳಗೂ ನಿಂತು ಕಂಬಗಳನ್ನು ಒಂದೊಂದಾಗಿ ಬಿಡಿಸಿದ್ದನು. ಗುಡಿಯ ಕಂಬಗಳನ್ನು ಕಂಡ ಕಣ್ಣಿಗೆ ನಿಸರ್ಗದ ಕಂಬಗಳು ಹೊಸದೆನಿಸಿರಲಾರವು ಎಂದು ನಾನು ಯಾವಾಗಲೂ ಅಂದುಕೊಳ್ಳುತ್ತೇನೆ.

ಎರಡನೆಯದು ಇನ್ನೂ ಸೋಜಿಗದ್ದು. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್‌ನಿ ದ್ವೀಪಗಳಲ್ಲಿ ಹಾಯ್ ಎಂಬ ದ್ವೀಪವಿದೆ. ಅದರ ಅಂಚಿನಲ್ಲಿ 137 ಮೀಟರು ಎತ್ತರದ ಒಂಟಿ ಮರಳುಗಲ್ಲಿನ ಕಂಬ ನಿಂತಿದೆ. 'ಹಾಯ್‌ನ ಮುದುಕ' ಎಂದು ಅದನ್ನು ಕರೆಯುತ್ತಾರೆ. ಇಂದು ಹೋದರೆ ಅದು ಒಂಟಿ ಕಾಲಿನ ಕಂಬ. ಮುದುಕ ಎಂದೇಕೆ ಹೆಸರು ಬಂತೆಂಬುದು ತಿಳಿಯಬೇಕಾದರೆ ವಿಲಿಯಂನ ಚಿತ್ರವನ್ನು ನೋಡಬೇಕು. 1810ರ ದಶಕದಲ್ಲಿ ಅವನು ಬಿಡಿಸಿದಾಗ ಆ ಕಲ್ಲಿಗೆ ಎರಡು ಕಾಲುಗಳಿದ್ದವು, ನಡುವೆ ಕಮಾನಿತ್ತು. ಮುಂದೆ ಒಂದು ಬಿರುಗಾಳಿಗೆ ಒಂದು ಕಾಲು ಕುಸಿದು ಸಮುದ್ರದ ಪಾಲಾಯಿತು. ಅದಕ್ಕೂ ಹಿಂದಿನ, ಹದಿನೆಂಟನೆಯ ಶತಮಾನದ ನಡುವಿನ ನಕಾಶೆಯಲ್ಲಿ ಈ ಕಂಬವೇ ಇಲ್ಲ. ಅಲ್ಲಿರುವುದು ನೆಲಕ್ಕೆ ಅಂಟಿದ ಬಂಡೆಯ ಮೂಗು ಮಾತ್ರ. ಅಂದರೆ ಮುನ್ನೂರು ವರ್ಷ ತುಂಬುವುದರೊಳಗೆ ಕಡಲು ಒಂದು ಕಂಬವನ್ನು ಕಡೆದು, ಅದಕ್ಕೆ ಕಾಲು ಕೊಟ್ಟು, ಒಂದನ್ನು ಮರಳಿ ಕಿತ್ತುಕೊಂಡಿತು. ಇದನ್ನು ಹೇಳಲು ಭೂವಿಜ್ಞಾನಿಗಳಿಗೆ ಇರುವ ಸಾಕ್ಷಿಗಳಲ್ಲಿ ಈ ಚಿತ್ರಕಾರನೂ ಒಬ್ಬ.

ಇದಕ್ಕೆ ಎದುರಾಗಿ ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ಚಿತ್ರವನ್ನು ಇಟ್ಟು ನೋಡಿ. 1818ರಲ್ಲಿ ಮದುವೆಯಾದ ಹೊಸತರಲ್ಲಿ ಅವನು ಬಾಲ್ಟಿಕ್ ಸಮುದ್ರದ ರ್‍ಯೂಗನ್ ದ್ವೀಪಕ್ಕೆ ಹೋಗಿದ್ದನು. ಅಲ್ಲಿಯ ಸುಣ್ಣಕಲ್ಲಿನ ಬಿಳಿಯ ಬಂಡೆಗಳ ಅಂಚಿನಲ್ಲಿ ಮೂವರು ನಿಂತು ಕೆಳಗಿನ ಕಡಲನ್ನು ನೋಡುವ ಅವನ ಚಿತ್ರ ರಮ್ಯ ಪಂಥದ ಚಿತ್ರಗಳಲ್ಲಿಯೇ ಬಹು ಪ್ರಸಿದ್ಧ. ಆದರೆ ಅದು ಒಂದೇ ಜಾಗದ ನೋಟವಲ್ಲ; ಹಲವು ರೇಖಾಚಿತ್ರಗಳನ್ನು ಮನಸ್ಸಿನಲ್ಲಿ ಕೂಡಿಸಿ ಕಟ್ಟಿದ್ದು. ಆ ದ್ವೀಪದ ವಿಸ್ಸೋವರ್ ಕ್ಲಿಂಕನ್ ಎಂಬ ಬಂಡೆಗಳೇ ಚಿತ್ರದಲ್ಲಿರುವವು ಎಂದು ಜನ ಬಹುಕಾಲ ನಂಬಿದ್ದರು. ಫ್ರೀಡ್ರಿಕ್‌ನ ಕಾಲದಲ್ಲಿ ಆ ಬಂಡೆಗಳು ಆ ರೂಪಕ್ಕೆ ಬಂದಿರಲೇ ಇಲ್ಲವೆಂದು ಆಮೇಲೆ ತಿಳಿಯಿತು. 2005ರ ಫೆಬ್ರವರಿಯಲ್ಲಿ ಅವು ಕುಸಿದೂ ಹೋದವು. ಫ್ರೀಡ್ರಿಕ್‌ನಿಗೆ ಬಂಡೆ ಮನುಷ್ಯನ ಒಳಗಿನ ಮಾತು. ಡೇನಿಯಲ್‌ನಿಗೆ ಬಂಡೆ ಬಂಡೆಯೇ. ಪಂಡಿತರು ಮೊದಲನೆಯವನನ್ನು ಮಹಾ ಕಲಾವಿದನೆಂದೂ ಎರಡನೆಯವನನ್ನು ಸ್ಥಳಚಿತ್ರಕಾರನೆಂದೂ ವಿಂಗಡಿಸುತ್ತಾರೆ. ಕಲೆಯ ಎತ್ತರದಲ್ಲಿ ಆ ವಿಂಗಡಣೆ ಸರಿಯೇ ಇರಬಹುದು. ಆದರೆ ಇತಿಹಾಸದ ವಿದ್ಯಾರ್ಥಿಗೆ ಯಾರು ಹೆಚ್ಚು ಉಪಕಾರಿ ಎಂದು ಕೇಳಿದರೆ ನನ್ನ ಮತ ಡೇನಿಯಲ್‌ನಿಗೆ. ಅವನ ಕಾಲದ ಜನ ಅವನನ್ನು ಕಡೆಗಣಿಸಿರಲಿಲ್ಲ ಎಂಬುದನ್ನೂ ಹೇಳಬೇಕು. 1822ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಸದಸ್ಯತ್ವಕ್ಕೆ ನಡೆದ ಆಯ್ಕೆಯಲ್ಲಿ ಅವನು ಗೆದ್ದನು, ಜಾನ್ ಕಾನ್‌ಸ್ಟೆಬಲ್ ಸೋತನು. ಇಂದು ಕಾನ್‌ಸ್ಟೆಬಲ್‌ನನ್ನು ಎಲ್ಲರೂ ಬಲ್ಲರು!

ಆದರೂ ಆ ಎಂಟು ಸಂಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬಂಡೆಯ ಚಿತ್ರವಲ್ಲ. ಇಂಗ್ಲೆಂಡಿನ ವಾಯವ್ಯ ತೀರದಲ್ಲಿ ವೈಟ್‌ಹೇವನ್ ಎಂಬ ಕಲ್ಲಿದ್ದಲಿನ ಬಂದರು ಇದೆ. ವಿಲಿಯಂ ಅದನ್ನು ಬಿಡಿಸಿದ್ದಾನೆ: ಬಂದರು, ಹಡಗುಗಳು, ಊರು, ಹಿಂದೆ ಗುಡ್ಡ, ಎಲ್ಲವೂ ಅಚ್ಚುಕಟ್ಟು. ಏಟನ್ ಮಾತ್ರ ಅದೇ ಊರಿನ ಗಣಿಗೆ ಇಳಿದನು. ಗಣಿಯ ಸುರಂಗಗಳು ಕಡಲಿನ ತಳದ ಕೆಳಗೆ ಚಾಚಿಕೊಂಡಿದ್ದವು. ಅಲ್ಲಿ ಕಲ್ಲಿದ್ದಲು ಎಳೆಯುವ ಕುದುರೆಗಳನ್ನು ಹೊಡೆಯುತ್ತಿದ್ದವರು ಚಿಕ್ಕ ಹುಡುಗಿಯರು. ಗಾಳಿ ತಡೆಯುವ ಬಾಗಿಲುಗಳನ್ನು ತೆರೆದು ಮುಚ್ಚಲು ಎಳೆಯ ಮಕ್ಕಳು ದಿನವಿಡೀ ಕತ್ತಲಲ್ಲಿ ಒಬ್ಬೊಬ್ಬರೇ ಕುಳಿತಿರುತ್ತಿದ್ದರು. ಏಟನ್ ಇದನ್ನು ಕಂಡಂತೆ ಬರೆದನು, ನೊಂದುಕೊಂಡು ಬರೆದನು. ಹೆಂಗಸರೂ ಹುಡುಗಿಯರೂ ಹತ್ತು ವರ್ಷದೊಳಗಿನ ಹುಡುಗರೂ ಗಣಿಯ ಒಳಗೆ ಕೆಲಸ ಮಾಡಬಾರದೆಂಬ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1842ರಲ್ಲಿ. ಆ ಹೊತ್ತಿಗೆ ಏಟನ್ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಎರಡು ಸಂಪುಟಗಳ ಬಳಿಕ ಅವನು ಈ ಕೆಲಸದಿಂದ ಹೊರಬಂದನು. ಮುಂದಿನ ಆರು ಸಂಪುಟಗಳಿಗೆ ವಿಲಿಯಂನೇ ಬರಹವನ್ನೂ ಬರೆದುಕೊಂಡನು. ಅದೇ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಉತ್ತರದ ಕಣಿವೆಗಳಿಂದ ಒಕ್ಕಲುಮಕ್ಕಳನ್ನು ಎಬ್ಬಿಸಿ, ಹೊಲಗಳನ್ನು ಕುರಿ ಸಾಕುವವರಿಗೆ ಕೊಡಲಾಗುತ್ತಿತ್ತು. ಎಬ್ಬಿಸಿದವರಲ್ಲಿ ಹಲವರನ್ನು ತಂದು ಕೂಡಿಸಿದ್ದು ಇಂಥ ಕಡಲ ಬಂಡೆಗಳ ಅಂಚಿಗೇ.

ಒಂದೇ ಊರು, ಒಂದೇ ಪುಸ್ತಕ. ಚಿತ್ರದಲ್ಲಿ ಬಂದರು, ಬರಹದಲ್ಲಿ ಗಣಿ. ವಿಲಿಯಂ ಸುಳ್ಳು ಬಿಡಿಸಲಿಲ್ಲ. ಬಂದರು ಹಾಗೆಯೇ ಇತ್ತು. ಹೊಸೂರಿನ ಗುಡ್ಡವೂ ಹಾಗೆಯೇ ಇತ್ತು. ಒಂದು ಸಲ ಊರಿನ ಮಕ್ಕಳಿಗೆ ಆ ಗುಡ್ಡಗಳ ಚಿತ್ರದ ಪ್ರತಿಯೊಂದನ್ನು ತೋರಿಸಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಇದನ್ನ ತೆಗಿಯುವಾಗ ಅವರ ಬೆನ್ನಿನ ಕಡೆ ಏನಿತ್ತು?" ಎಂದು ಕೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಡೋಜಿ ಬರದ ಸಂಗತಿಯನ್ನು ನಾನು ಹುಡುಕಿ ಓದಿದ್ದು ಆ ಪ್ರಶ್ನೆಯ ಬೆನ್ನು ಹತ್ತಿಯೇ.

ವಿಲಿಯಂ 1837ರಲ್ಲಿ ತೀರಿಕೊಂಡನು. ಸಾಕಿದ ಚಿಕ್ಕಪ್ಪ ಥಾಮಸ್ ತೊಂಬತ್ತು ದಾಟಿ 1840ರವರೆಗೆ ಬದುಕಿದ್ದನು. ಅವರ ಭಾರತದ ಚಿತ್ರಗಳ ದೊಡ್ಡ ಸಂಗ್ರಹ ಕಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್ ಹಾಲ್‌ನಲ್ಲಿದೆ. ನಮ್ಮವರ ಕಣ್ಣಿನಿಂದ ನಿಸರ್ಗವನ್ನು ನೋಡಬೇಕೆನ್ನುವವರು ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ಗಳ ಮಂಜನ್ನು ನೀರುಬಣ್ಣದಲ್ಲಿ ಹಿಡಿದಿರುವುದನ್ನು ನೋಡಬೇಕು. ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯೇ ಇದೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕರಾವಳಿಯ ದುಡಿಯುವ ಜನರನ್ನು ಒಂದೆರಡು ಗೆರೆಗಳಲ್ಲಿ ಕುಣಿಸಿದವರು. ಅವರ ಚಿತ್ರಗಳಲ್ಲಿ ಮನುಷ್ಯ ಇರುವೆಯಷ್ಟು ಇಲ್ಲ.

ಸ್ಟಾಫಾದಂಥ ಕಂಬದ ಬಂಡೆಗಳನ್ನು ನೋಡಲು ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ. ಮಲ್ಪೆಯ ಎದುರಿಗೆ ಕಡಲಿನಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಅಂಥವೇ ಮೂಲೆಮೂಲೆಯ ಕಂಬಗಳಿವೆ. ಅಲ್ಲಿಯವರು ಅದನ್ನು ತೋನ್ಸೆಪಾರ್ ಎನ್ನುತ್ತಾರೆ. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಆದ ಶಿಲೆ ಅದು. ಸ್ಟಾಫಾದ ಬಂಡೆಗಿಂತ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಕಂಬವೊಂದರ ಮೇಲೆ ಕುಳಿತು, ಜೇಬಿನಲ್ಲಿದ್ದ ಕಾಗದದ ಮೇಲೆ ಚಿತ್ರ ತೆಗೆಯಲು ನೋಡಿದೆ. ಕೈ ತಾನಾಗಿಯೇ ಬಲಗಡೆ ಒಂದು ತೆಂಗಿನ ಮರವನ್ನು ಬಿಡಿಸಿತ್ತು. ಅಲ್ಲಿ ತೆಂಗಿನ ಮರಗಳು ನಿಜವಾಗಿಯೂ ಇದ್ದವು, ಆದರೆ ಎಡಗಡೆಗೆ.

ಶಾಲೆಯ ಪ್ರವಾಸಕ್ಕೆ ಹೋಗುವವರು ಚಳಿಗಾಲದಲ್ಲಿ ಹೋಗಿ. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ, ಮಲ್ಪೆಯಿಂದ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಹೊರಡುವ ಮುಂಚೆ ಒಂದು ಸಂಜೆ ಕಪ್ಪತಗುಡ್ಡದ ಸಾಲನ್ನೂ ಕಾಗದದ ಮೇಲೆ ಇಳಿಸಿಕೊಂಡು, ಎಲ್ಲಿ ನಿಂತು ತೆಗೆದದ್ದೆಂದು ಕೆಳಗೆ ಬರೆದಿಡಿ.